ಫೋಟೋಗೆ ಹಚ್ಚೆ ಹಾಕುವ ಗಂಗಾಮಣಿ

ಕಾವಲಿಯ ಮೇಲೆ ಅಕ್ಕಿರೊಟ್ಟಿ ಬೇಯುತ್ತಿದೆ. ಜಡೆ ಹಾಕಿಸಿಕೊಳ್ಳಲು ಬೆನ್ನು ಕೊಟ್ಟು ಕೂತ ಹತ್ತು ವರ್ಷದ ನವ್ಯಶ್ರೀ "ಅಮ್ಮಾ, ಒಂದು ಕೇಳ್ಲಾ?" ಎನ್ನುವಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದು. ಮಾರನಹಳ್ಳಿಯ ಮೀನಾಕ್ಷಮ್ಮ ಮೊದಲ ಬಸ್ಸಿಗೇ ಹಾನುಬಾಳಿಗೆ ಬಂದಿದ್ದಾರೆ. ಸೆರಗಿನಡಿ ಮಗಳ ಫೋಟೋ ಇರುವ ಒಂದು ಸಿ.ಡಿ.

"ಗಂಗಾ, ಗಂಡಿನ ಕಡೆಯೋರು ಮಧ್ಯಾಹ್ನದೊಳಗೆ ಫೋಟೋ ಕಳ್ಸಿ ಅಂದವ್ರೆ ಕಣೆ. ನಮ್ಮ ಶೀಲಾ ನೋಡಿದ್ರೆ, ನೀನು ಹಚ್ಚೆ ಹಾಕ್ದಿದ್ರೆ ಫೋಟೋನೇ ಬ್ಯಾಡ ಅಂತ ಕೂತ್ಬುಟ್ಟವಳೆ."

ಶೀಲಾಳ ಹಟಕ್ಕೆ ಕಾರಣವಿದೆ. ಅವಳ ಕಾಲೇಜಿನ ಗೆಳತಿಯ ಫೋಟೋವನ್ನು ಹೋದ ವರ್ಷ ಯಾರೋ ಇಂಟರ್‌ನೆಟ್ಟಿನಿಂದ ಎತ್ತಿ, ಬೇರೆ ಹೆಸರಿಟ್ಟು, ಕೆಟ್ಟ ಮಾತು ಬರೆದು ಹಾಕಿದ್ದರು. ಆ ಹುಡುಗಿ ಪರೀಕ್ಷೆಗೂ ಹೋಗಲಿಲ್ಲ.

ಗಂಗಾಮಣಿ ಒಲೆ ಆರಿಸಿ, ಕೈ ತೊಳೆದು, ಮುಂದಿನ ಕೋಣೆಯ ಕಂಪ್ಯೂಟರ್ ಹಾಕುತ್ತಾರೆ. ಎಂಟೂವರೆಗೆ ಕರೆಂಟು ಹೋಗುತ್ತದೆ. ಈಗ ಏಳೂ ಮುಕ್ಕಾಲು. ಅರ್ಧ ಹೆಣೆದ ಜಡೆ ಹಿಡಿದುಕೊಂಡೇ ನವ್ಯಶ್ರೀ ಹಿಂದೆ ಬರುತ್ತಾಳೆ.

ಗಂಗಾಮಣಿಯ ಕೆಲಸವನ್ನು ಕಂಪ್ಯೂಟರ್ ಬಲ್ಲವರು ವಾಟರ್‌ಮಾರ್ಕ್ ಎನ್ನುತ್ತಾರೆ. ಸುತ್ತಿನ ಊರಿನವರಿಗೆ ಅದು ಹಚ್ಚೆ. ಫೋಟೋದ ಮೇಲೆ ಮಂಜಿನಷ್ಟು ತೆಳುವಾಗಿ ಅಕ್ಷರ ಕೂರಿಸುವುದು, ಕದ್ದವನಿಗೆ ದಕ್ಕದಂತೆ. ವಾರಕ್ಕೆ ಮೂರೋ ನಾಲ್ಕೋ, ಮದುವೆಯ ಕಾಲದಲ್ಲಿ ಏಳೆಂಟು. ಮೂರು ವರ್ಷದಲ್ಲಿ ಆರು ನೂರು ದಾಟಿದೆ.

ಶುರುವಾದದ್ದು ಒಂದು ತಪ್ಪಿನಿಂದ. ಮೂರು ವರ್ಷದ ಹಿಂದೆ, 2006ರಲ್ಲಿ, ಗಂಗಾಮಣಿ ಊರಿನ ಏಕಾಂತಯ್ಯನವರ ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಜೋಡಿಸುತ್ತಿದ್ದರು. ಫೋಟೋದ ಮೂಲೆಯಲ್ಲಿ ಸ್ಟುಡಿಯೋ ಹೆಸರು, ಫೋನ್ ನಂಬರು ಹಾಕುವುದು ಅಲ್ಲಿನ ರೂಢಿ. ತಾಯಮ್ಮ ಎಂಬ ಅಜ್ಜಿಯ ಮೊಮ್ಮಗಳ ಫೋಟೋವನ್ನು ಗಂಡು ಹುಡುಕಲೆಂದು ಇಂಟರ್‌ನೆಟ್ಟಿಗೆ ಹಾಕುವಾಗ ಅದೇ ಕೈ, ಅದೇ ರೂಢಿ. ಗಂಡಿನವರಿಗೆ ಸುಲಭವಾಗಲೆಂದು ಹುಡುಗಿಯ ಮನೆಯ ನಂಬರನ್ನೇ ಬರೆದುಬಿಟ್ಟರು.

"ಮಾರನೇ ದಿನದಿಂದ ಗುರುತು ಪರಿಚಯ ಇಲ್ಲದ ಗಂಡಸರ ಫೋನು. ಆ ಮಗು ಫೋನಿನ ಹತ್ರಾನೇ ಸುಳೀತಿರಲಿಲ್ಲ. ತಪ್ಪು ನಂದಲ್ವಾ? ಹೋಗಿ ಅವರ ಮನೇಲಿ ಫೋನ್ ಪಕ್ಕ ಕೂತೆ. ಮೂರು ದಿನ ನಾನೇ ಎತ್ತಿದೆ. ಹೇಳಪ್ಪ, ನಿಮ್ಮಮ್ಮನ್ನೂ ಕರಿ, ಇಬ್ರ ಹತ್ರಾನೂ ಮಾತಾಡ್ತೀನಿ ಅಂತಿದ್ದೆ. ತಕ್ಷಣ ಇಟ್ಬುಡೋರು."

ಮೂರನೇ ದಿನ ತಾಯಮ್ಮ ಕಾಫಿ ಕೊಡಲು ಬಂದು, ಮೊಣಕೈವರೆಗೆ ಹಚ್ಚೆಯಿದ್ದ ತೋಳು ಮುಂದೆ ಚಾಚಿದರಂತೆ. "ಇದುನ್ನ ಯಾರಾದ್ರೂ ಕಿತ್ಕಂಡು ಹೋಗಕ್ಕಾಯ್ತದಾ? ಮೂಲೇಲಿ ಬರೆದ್ರೆ ಕತ್ತರಿಸ್ತಾರೆ. ಮೈಮ್ಯಾಲೆ ಬರಿ ಕಣವ್ವ."

ಅಂದಿನಿಂದ ಗಂಗಾಮಣಿಯ ಅಕ್ಷರ ಮೂಲೆಗೆ ಹೋಗಿಲ್ಲ. ಭುಜದಿಂದ ಸೊಂಟದವರೆಗೆ, ಸೆರಗಿನ ನೆರಿಗೆಯ ಜೊತೆಗೇ ಓರೆಯಾಗಿ ಇಳಿಯುತ್ತದೆ. ಫೋನ್ ನಂಬರಿಲ್ಲ, ಸ್ಟುಡಿಯೋ ಹೆಸರಿಲ್ಲ. ಹುಡುಗಿಯ ಹೆಸರು, ಫೋಟೋ ಯಾವುದಕ್ಕೆಂದು ಒಂದು ಮಾತು, ತಾರೀಖು.

"ಅಷ್ಟು ಚೆಂದದ ಸೀರೆ ಉಡ್ಸಿ ತೆಗ್ಸಿದೀನಿ" ಎಂದು ಮೀನಾಕ್ಷಮ್ಮ ಗೊಣಗುತ್ತಾರೆ. "ಹುಡುಗಿಗೆ ಏನೋ ಐಬು ಐತೆ, ಅದ್ಕೆ ಮುಚ್ಚವ್ರೆ ಅನ್ಕೊಳಲ್ವಾ? ಮೂಲೇಲಿ ಸಣ್ಣಕೆ ಹಾಕ್ಬುಡು ಮಾರಾಯ್ತಿ."

"ಫೋಟೋ ನಿಮ್ದಲ್ಲ ಮೀನಾಕ್ಷಕ್ಕ. ಮುಖ ಯಾರ್ದೋ ಅವರನ್ನೇ ಕೇಳಣ" ಎಂದು ಗಂಗಾಮಣಿ ಫೋನ್ ಹಚ್ಚುತ್ತಾರೆ.

ಆ ಕಡೆಯಿಂದ ಶೀಲಾಳ ದನಿ ಕೋಣೆಗೆಲ್ಲ ಕೇಳುತ್ತದೆ: "ಅಕ್ಕಾ, ಪೂರ್ತಿ ಹಾಕಿ! ಅಮ್ಮ ಏನಂದ್ರೂ ಕೇಳ್ಬೇಡಿ. ಅದುನ್ನ ನೋಡಿ ಬ್ಯಾಡ ಅನ್ನೋರು ನಂಗೂ ಬ್ಯಾಡ."

"ಕೇಳಿಸ್ಕೊಂಡ್ಯಾ ಇವಳ ಬಾಯಿ!" ಎನ್ನುವ ಮೀನಾಕ್ಷಮ್ಮನ ತುಟಿಯಲ್ಲಿ ನಗು ತಡೆದರೂ ನಿಲ್ಲುವುದಿಲ್ಲ.

'ಶೀಲಾ. ಮದುವೆ ಮಾತುಕತೆಗೆ ಮಾತ್ರ.' ಕೆಳಗೆ ಇವತ್ತಿನ ತಾರೀಖು. ಗಂಗಾಮಣಿ ಅಕ್ಷರವನ್ನು ತೆಳುವಾಗಿಸುತ್ತಾ ಹೋಗುತ್ತಾರೆ, ಸೀರೆಯೂ ಕಾಣಬೇಕು, ಮಾತೂ ಓದಲು ಬರಬೇಕು ಎನ್ನುವ ಹದ ಸಿಗುವತನಕ. ಮೀನಾಕ್ಷಮ್ಮ ಕಣ್ಣು ಕಿರಿದು ಮಾಡಿ ನೋಡಿ, "ಸೀರೆ ಅಂಚಿನಂಗೇ ಐತಲ್ಲೇ!" ಎನ್ನುತ್ತಾರೆ.

ಎಂಟೂ ಇಪ್ಪತ್ತಾರಕ್ಕೆ ಇ-ಮೇಲಿನಲ್ಲಿ ಫೋಟೋ ಹೋಗುತ್ತದೆ. ನಾಲ್ಕು ನಿಮಿಷಕ್ಕೆ ಕರೆಂಟೂ ಹೋಗುತ್ತದೆ. ಮೀನಾಕ್ಷಮ್ಮ ಒಂದು ರೊಟ್ಟಿ ತಿಂದು ಬಸ್ಸಿಗೆ ಹೊರಡುತ್ತಾರೆ.

"ದೊಡ್ಡ ಕೆಲಸ ಏನಲ್ಲ ಬಿಡಿ" ಎನ್ನುತ್ತಾರೆ ಗಂಗಾಮಣಿ, ಮಗಳ ಜಡೆಯನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾ. "ಆದ್ರೆ ಈ ಆರು ನೂರು ಮಕ್ಕಳಲ್ಲಿ ಒಬ್ರೂ ಅಳ್ತಾ ವಾಪಸ್ ಬಂದಿಲ್ಲ. ಅದೊಂದು ಹೆಮ್ಮೆ ಐತೆ."

ಮಗಳು ಆರಿದ ಪರದೆಯನ್ನೇ ನೋಡುತ್ತಿದ್ದಾಳೆ. ರಿಬ್ಬನ್ ಕಟ್ಟಿ ಮುಗಿದದ್ದೇ ತಿರುಗಿ ಕೂತು ಕೇಳುತ್ತಾಳೆ:

"ಅಮ್ಮಾ, ನನ್ನ ಫೋಟೋ ಮೇಲೆ ಯಾವುದಕ್ಕೆ ಮಾತ್ರ ಅಂತ ಬರೀತೀಯಾ?"