ಕುಸ್ತೋದಿಯುವಿನ ಗಡ್ಡ

ಕುಸ್ತೋದಿಯುವಿನ ಜೀವನ ಬರೆಯುವ ಅರ್ಹತೆ ನಿನಗಿದೆಯೇ ಎಂದು ಯಾರಾದರೂ ಕೇಳಿದರೆ, ಇಲ್ಲ ಎನ್ನುತ್ತೇನೆ. ಅವನು ಮೂವತ್ತು ವರ್ಷಗಳಿಂದ ನನ್ನ ಕೆನ್ನೆಯ ಮೇಲೆ ಕತ್ತಿ ಆಡಿಸುತ್ತಿದ್ದಾನೆ. ನಾನು ಒಂದೇ ಒಂದು ಚಿತ್ರದಲ್ಲಿ ಅವನ ಕೆನ್ನೆಯ ಮೇಲೆ ಕುಂಚ ಆಡಿಸಿದೆ. ಅವನ ಕೈಯಿಂದ ನನಗೆ ಇವತ್ತಿನವರೆಗೆ ಒಂದು ಗೀರೂ ಆಗಿಲ್ಲ. ನನ್ನ ಕೈಯಿಂದ ಅವನಿಗೆ ಏನಾಯಿತು ಎನ್ನುವುದನ್ನು ಹೇಳುತ್ತೇನೆ.

ನಮ್ಮ ವಸಾಹತಾಗಿದ್ದ ಅಂಗೋಲಾ ಕೈತಪ್ಪಿ ಹೋದ ವರ್ಷ ಅಲ್ಲಿ ನೆಲೆಸಿದ್ದ ನಮ್ಮವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಪೋರ್ಚುಗಲ್ಲಿಗೆ ಬಂದರು. ಒಬ್ಬೊಬ್ಬರ ಹಿಂದೆಯೂ ದೊಡ್ಡ ದೊಡ್ಡ ಮರದ ಪೆಟ್ಟಿಗೆಗಳು: ಫ್ರಿಜ್ಜು, ಹೊಲಿಗೆ ಯಂತ್ರ, ಮದುವೆಯ ಪಿಂಗಾಣಿ. ಕುಸ್ತೋದಿಯುವಿನ ಪೆಟ್ಟಿಗೆಯಲ್ಲಿ ಇದ್ದದ್ದು ಕೆಂಪು ಚರ್ಮ ಹೊದಿಸಿದ ಒಂದು ಕ್ಷೌರದ ಕುರ್ಚಿ ಮಾತ್ರ. ಅದನ್ನು ನಮ್ಮ ಊರು ತೊಮಾರಿನ ಸೇತುವೆಯ ಪಕ್ಕದ ಕೋಣೆಯಲ್ಲಿ ಇಳಿಸಿ ಅಂಗಡಿ ತೆರೆದ. ಊರಿನ ಹುಡುಗಿ ಇದಾಲಿನಾಳನ್ನು ಮದುವೆಯಾದ. ಮದುವೆಗೆ ಹೊರಟ ಗಂಡುಗಳಿಗೂ ಅವನೇ ಬೇಕು, ಶವಪೆಟ್ಟಿಗೆಯಲ್ಲಿ ಮಲಗಿದವರಿಗೆ ಕೊನೆಯ ಕ್ಷೌರಕ್ಕೂ ಅವನೇ ಬೇಕು. ಆದರೂ ಊರಿನ ಬಾಯಲ್ಲಿ ಅವನ ಹೆಸರು 'ಅಂಗೋಲಾದವನು'. ಎಲ್ಲಿ ಕೂದಲು ತೆಗೆಸಿದೆ ಎಂದರೆ ಅಂಗೋಲಾದವನ ಹತ್ತಿರ ಎನ್ನುತ್ತಿದ್ದರು.

ಅವನು ಎದುರಾಡಿದವನಲ್ಲ. ಒಮ್ಮೆ ಮಾತ್ರ ನನ್ನ ಮುಖಕ್ಕೆ ಸೋಪಿನ ನೊರೆ ಹಚ್ಚುತ್ತಾ ಹೇಳಿದ:

"ಅಡೆಲೀನು, ನಾನು ಸತ್ರೆ ಇವರು ನನ್ನ ಗೋರಿ ಮೇಲೆ ಏನು ಕೆತ್ತಿಸ್ತಾರೆ ಗೊತ್ತಾ? 'ನಾಲ್ಕು ದಿನ ಇದ್ದು ಹೋಗೋಕೆ ಬಂದಿದ್ದ' ಅಂತ."

ನನ್ನ ಬಾಯಿಯ ಸುತ್ತ ನೊರೆ ಇತ್ತು.

ಇನ್ನು ನನ್ನ ವಿಷಯ. ನಾನು ಟೈಲುಗಳ ಮೇಲೆ, ತಟ್ಟೆಗಳ ಮೇಲೆ ಚಿತ್ರ ಬರೆದು ಹೊಟ್ಟೆ ಹೊರೆದವನು. ನಮ್ಮ ಊರಿನ ಗುಡ್ಡದ ಮೇಲೆ ಕೋಟೆ ಕಟ್ಟಿದವರು ಟೆಂಪ್ಲರುಗಳು, ಕತ್ತಿ ಹಿಡಿದ ಸನ್ಯಾಸಿಗಳು. ಅವರನ್ನು ನೋಡಲು ಬರುವ ಪ್ರವಾಸಿಗರಿಗೆ ತಟ್ಟೆ ಬೇಕು. ಅರ್ಧ ಆಯುಷ್ಯವನ್ನು ನಾನು ಆ ತಟ್ಟೆಗಳ ಮೇಲೆ ಟೆಂಪ್ಲರುಗಳನ್ನು ಬರೆಯುತ್ತಾ ಕಳೆದೆ. ಸಿಂಹದಂಥ ಕೇಶರಾಶಿ, ರಕ್ತ ತೊಟ್ಟಿಕ್ಕುವ ಕತ್ತಿ, ಸಿನಿಮಾ ನಟರ ಹಲ್ಲು. ಅವುಗಳಲ್ಲಿ ಒಂದಾದರೂ ಸರಿಯಾಗಿತ್ತೆಂದು ನಾನು ಎದೆ ತಟ್ಟಿ ಹೇಳಲಾರೆ.

ಹೀಗಿರುವಾಗ ನದಿಯಾಚೆಯ ಚಿಕ್ಕ ಇಗರ್ಜಿಯ ಸಮಿತಿಯವರು ಒಳಗೋಡೆಗೆ ಟೈಲುಗಳ ಒಂದು ದೊಡ್ಡ ಚಿತ್ರ ಬೇಕೆಂದರು. ಪ್ರಾರ್ಥನೆಯಲ್ಲಿ ನಿಂತ ಆರು ಟೆಂಪ್ಲರುಗಳು. ಇಂಥ ಚಿತ್ರಗಳಿಗೆ ಊರಿನವರ ಮುಖಗಳನ್ನೇ ಇಡುವುದು ನಮ್ಮಲ್ಲಿ ವಾಡಿಕೆ; ಒಬ್ಬೊಬ್ಬ ಸಂತನೂ ಯಾರದೋ ಮನೆಯ ಅಜ್ಜ. ಕೆಲಸ ಸಿಕ್ಕಿದ್ದೇ ತಡ, ನನ್ನ ತಲೆ ತಿರುಗಿತು. ಸಾಯುವ ಮೊದಲು ಒಂದನ್ನಾದರೂ ಇತಿಹಾಸಕ್ಕೆ ಸರಿಯಾಗಿ ಬರೆಯಬೇಕೆಂದು ಹಟ ಹಿಡಿದೆ. ಪುರಸಭೆಯ ಗ್ರಂಥಾಲಯದಿಂದ ಅವರ ಕಟ್ಟಳೆಗಳ ಪುಸ್ತಕ ತಂದೆ. ಅದನ್ನು ಓದಿದ ಮೇಲೆ ನನ್ನನ್ನು ಹಿಡಿಯುವವರೇ ಇರಲಿಲ್ಲ.

ಬೆಳಗಿನ ಜಾವದ ಪ್ರಾರ್ಥನೆಗೆ ಅವರು ಉಕ್ಕಿನ ಅಂಗಿ ತೊಟ್ಟು ಬರುತ್ತಿರಲಿಲ್ಲವಂತೆ. ಮಲಗಿದ್ದ ಅಂಗಿ, ಚಲ್ಲಣ, ಕಾಲುಚೀಲದಲ್ಲೇ ಎದ್ದು, ಮೇಲೊಂದು ಬಿಳಿ ನಿಲುವಂಗಿ ಹೊದ್ದು ಬರುತ್ತಿದ್ದರಂತೆ. ಚೂಪು ಮೂತಿಯ ಬೂಟು ನಿಷಿದ್ಧ, ಬೂಟಿಗೆ ಲಾಡಿ ನಿಷಿದ್ಧ. ತಲೆಗೂದಲು ಗಿಡ್ಡ, ಗಡ್ಡ ಉದ್ದ. ನನ್ನ ಹೆಂಡತಿ ಗ್ರಸಿಯೇತ ಸಾರಿನ ಪಾತ್ರೆಗೆ ಎಲೆಕೋಸು ಹೆಚ್ಚಿ ಹಾಕುವಾಗ ಬೂಟಿನ ಲಾಡಿಯ ಬಗ್ಗೆ ಭಾಷಣ ಬಿಗಿಯುತ್ತಿದ್ದೆ.

"ಮದುವೆ ದಿನ ನಾನು ಯಾವ ಬಣ್ಣದ ಚಪ್ಪಲಿ ಹಾಕಿದ್ದೆ ಹೇಳು ನೋಡೋಣ," ಅಂದಳು ಅವಳು.

ನಾನು ಪುಸ್ತಕ ಮಡಚಿಟ್ಟು ಎಲೆಕೋಸು ಹೆಚ್ಚಲು ಕೂತೆ.

ಸಮಿತಿಯ ಮುಖ್ಯಸ್ಥೆ ದೋನ ಎವ್ಫೇಮಿಯ, ನಿವೃತ್ತ ಶಾಲಾ ಮುಖ್ಯೋಪಾಧ್ಯಾಯಿನಿ, ನನ್ನ ಕರಡು ನೋಡಿ ಮೂಗು ಮುರಿದರು.

"ಕತ್ತಿ ಎಲ್ಲಿ ಮೇಸ್ತ್ರಿ? ಇವರು ನೋಡಿದ್ರೆ ಆಸ್ಪತ್ರೆ ಮುಂದೆ ಚೀಟಿ ಹಿಡ್ಕೊಂಡು ನಿಂತ ಹಾಗಿದ್ದಾರೆ."

"ಇತಿಹಾಸ ಹಾಗೇ ಇದೆ ದೋನ ಎವ್ಫೇಮಿಯ. ಕತ್ತಿ ಬೇಕು ಅಂದ್ರೆ ತಟ್ಟೆ ತಗೊಳ್ಳಿ."

ಹಾಗೆ ಹೇಳಿ ಬೀಗುತ್ತಾ ಹೊರಬಂದೆ. ಆಗ ನನ್ನ ಕತ್ತು ಎಷ್ಟು ನೆಟ್ಟಗಿತ್ತೆಂದರೆ ಗಾಜಿನ ಬಾಗಿಲು ಕಾಣದೆ ಹಣೆ ಬಡಿದುಕೊಂಡೆ.

ಆ ವಾರ ಕ್ಷೌರಕ್ಕೆ ಕೂತಾಗ, ನನ್ನ ಗಂಟಲ ಮೇಲೆ ಕತ್ತಿ ಇಟ್ಟುಕೊಂಡೇ ಕುಸ್ತೋದಿಯು ಕೇಳಿದ:

"ಆ ಆರು ಜನರಲ್ಲಿ ನನಗೊಂದು ಜಾಗ ಇದೆಯೇನೋ?"

ಅಂಥ ಸ್ಥಿತಿಯಲ್ಲಿ ಯಾವನು ತಾನೇ ಇಲ್ಲ ಅಂದಾನು. ಆದರೆ ಕನ್ನಡಿಯಲ್ಲಿ ಅವನ ಮುಖ ಕಂಡಾಗ ಅದು ತಮಾಷೆಯಲ್ಲ ಎಂದು ತಿಳಿಯಿತು. ಕೋಟೆ ಕಟ್ಟಿ ಊರು ಕಟ್ಟಿದವರ ಸಾಲಿನಲ್ಲಿ, ಇಗರ್ಜಿಯ ಗೋಡೆಯ ಮೇಲೆ ಇವನ ಮುಖ ಇದ್ದರೆ, ಆಮೇಲೆ ಇವನನ್ನು ಬೇರೆ ಊರಿನವನು ಎನ್ನುವುದು ಯಾರಿಗೂ ಸುಲಭವಲ್ಲ. ಅವನಿಗೆ ಬೇಕಾಗಿದ್ದದ್ದು ಅಷ್ಟೇ. ನಾನು ತಕ್ಷಣ ಒಪ್ಪಿಕೊಳ್ಳಬಹುದಿತ್ತು. ಆದರೆ ನಾನಾಗ ಇತಿಹಾಸಕಾರ.

"ಜಾಗ ಇದೆ. ಆದರೆ ಗಡ್ಡ ಬೇಕು. ಅಂಟಿಸೋ ಗಡ್ಡ ಆಗಲ್ಲ, ನಿಜವಾಗಿ ಬೆಳೆದದ್ದೇ ಬೇಕು. ಮುಖಕ್ಕೆ ತಕ್ಕ ಹಾಗೆ ಅದು ಹೇಗೆ ಇಳಿಯುತ್ತೆ ಅಂತ ನೋಡಬೇಕು."

"ನಾನು ಬಾರ್ಬರ್ ಕಣೋ."

"ಅದು ನಿನ್ನ ಕಷ್ಟ."

ಅವನು ಬೆಳೆಸಿದ. ಹುಟ್ಟಿದಾಗಿನಿಂದ ನುಣ್ಣಗಿದ್ದ ಆ ಗಲ್ಲದ ಮೇಲೆ ಉಪ್ಪುಮೆಣಸು ಬೆರೆಸಿದಂಥ ಕುರುಚಲು ಎದ್ದಿತು, ಆಮೇಲೆ ಪೊದೆಯಾಯಿತು. ಗಿರಾಕಿಗಳಿಗೆ ಹಬ್ಬ. ಕಸಾಯಿ ಅಂಗಡಿಯ ಬೆಲ್ಮೀರು ದಿನಾ ಬಾಗಿಲಲ್ಲಿ ನಿಂತು, "ಕತ್ತಿ ಮೊಂಡಾಗಿದ್ರೆ ಹೇಳು ಮಾರಾಯ, ನನ್ನ ಮಚ್ಚು ಕೊಡ್ತೀನಿ," ಎನ್ನುತ್ತಿದ್ದ. ಇದಾಲಿನಾ ಆ ಗಡ್ಡ ಚುಚ್ಚುವುದನ್ನು ತಡೆಯಲಾರದೆ ಬೇರೆ ಕೋಣೆಯಲ್ಲಿ ಮಲಗಿದಳು. ಒಂದಿಬ್ಬರು ಹಳೆಯ ಗಿರಾಕಿಗಳು ಬಸ್ ನಿಲ್ದಾಣದ ಹತ್ತಿರದ ಹೊಸ ಅಂಗಡಿಗೆ ಹೋಗತೊಡಗಿದರು. ಅವನು ತುರಿಸಿಕೊಳ್ಳುತ್ತಾ ನಗುತ್ತಿದ್ದ.

ಬೆಳಗಾಗುವ ಮೊದಲೇ ಆರೂ ಜನರನ್ನು ಎಬ್ಬಿಸಿ, ಗ್ರಸಿಯೇತ ಹೊಲಿದ ಉಣ್ಣೆಯ ನಿಲುವಂಗಿ ಹೊದಿಸಿ, ತಣ್ಣಗಿನ ಇಗರ್ಜಿಯಲ್ಲಿ ನಿಲ್ಲಿಸಿದೆ. ನಿದ್ದೆಗಣ್ಣು ನಿಜವಾದದ್ದೇ ಬೇಕಿತ್ತು ನನಗೆ. ಬೆಲ್ಮೀರು ನಿಂತಲ್ಲೇ ಗೊರಕೆ ಹೊಡೆದ. ಕುಸ್ತೋದಿಯು ಮಾತ್ರ ತುಟಿಯಲ್ಲೇ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂದು ಮತ್ತೆ ಮತ್ತೆ ಹೇಳಿಕೊಳ್ಳುತ್ತಿದ್ದ. ನಾನು ಆ ತುಟಿಗಳನ್ನು ನೋಡಲಿಲ್ಲ. ಅವುಗಳ ಮೇಲೆ ಕೂದಲು ಎಷ್ಟು ಇಳಿದಿದೆ ಎಂದು ನೋಡುತ್ತಿದ್ದೆ.

ಟೈಲಿನ ಕೆಲಸ ಕರುಣೆಯಿಲ್ಲದ್ದು. ಟೈಲಿಗೆ ಬಳಿದ ಹಸಿ ಮೆರುಗಿನ ಮೇಲೆ ಕುಂಚ ಇಟ್ಟೊಡನೆ ಅದು ಬಣ್ಣ ಕುಡಿದುಬಿಡುತ್ತದೆ, ಅಳಿಸುವ ಹಾಗಿಲ್ಲ. ಗೂಡಿನಲ್ಲಿ ಬೆಂದ ಮೇಲಂತೂ ದೇವರೇ ಬಂದರೂ ಬದಲಾಗದು. ನೀಲಿ ಹೇಳಿದ ಮಾತು ಕೇಳುತ್ತದೆ; ಕೆಂಪು ಮಾತ್ರ ಬೆಂಕಿಯಲ್ಲಿ ಕಂದು ಬಣ್ಣಕ್ಕೆ ತಿರುಗಿ ಕೈಕೊಡುತ್ತದೆ. ನಿಲುವಂಗಿಗಳ ಎದೆಯ ಕೆಂಪು ಶಿಲುಬೆಗಳಿಗಾಗಿ ಮತ್ತೆ ಮತ್ತೆ ಬಣ್ಣ ಬೆರೆಸಿ, ಚೂರುಗಳನ್ನು ಸುಟ್ಟು ನೋಡಿ, ಕಡೆಗೂ ರಕ್ತದಂಥ ಕೆಂಪು ಬಂದಾಗ ನಾನು ಕುಣಿದದ್ದು ನೆರೆಮನೆಯವರಿಗೆಲ್ಲ ಗೊತ್ತು.

ಚಿತ್ರ ಗೋಡೆಗೇರಿತು. ಅನಾವರಣದ ದಿನ ಬೆಳಿಗ್ಗೆ ಕುಸ್ತೋದಿಯು ತನ್ನ ಕುರ್ಚಿಯಲ್ಲಿ ತಾನೇ ಕೂತು ಗಡ್ಡ ಬೋಳಿಸಿಕೊಂಡು, ಒಳ್ಳೆಯ ಕೋಟು ಹಾಕಿ, ಇದಾಲಿನಾಳ ಕೈ ಹಿಡಿದು ಬಂದ. ಪಾದ್ರಿಗಳು ತೀರ್ಥ ಚಿಮುಕಿಸಿದರು, ಪರದೆ ಸರಿಯಿತು, ಚಪ್ಪಾಳೆ ಬಿತ್ತು. ಜನ ಮುಂದೆ ನುಗ್ಗಿ ಮುಖ ಗುರುತಿಸತೊಡಗಿದರು. ಬೆಲ್ಮೀರುವಿಗೆ ಹುಟ್ಟಿದಾಗಿನಿಂದಲೂ ಗಡ್ಡ. ಅವನನ್ನು ಮಕ್ಕಳೂ ಗುರುತು ಹಿಡಿದವು. ಉಳಿದವರದೂ ಅಷ್ಟೇ, ಯಾವಾಗಲೂ ಗಡ್ಡದವರೇ. ಕುಸ್ತೋದಿಯುವಿನ ಗಡ್ಡ ಕಂಡಿದ್ದವರು ಅಂಗಡಿಯ ಗಿರಾಕಿಗಳಷ್ಟೇ, ಅವರೂ ನಕ್ಕದ್ದು ಗಡ್ಡಕ್ಕೆ, ಮುಖ ನೋಡಿರಲಿಲ್ಲ.

"ಈ ಮೂರನೆಯವನು ಯಾರು?" ಎಂದು ಯಾರೋ ಕೇಳಿದರು.

ದೋನ ಎವ್ಫೇಮಿಯ ಕನ್ನಡಕ ಸರಿಪಡಿಸಿಕೊಂಡು ನೋಡಿದರು. "ಗೊತ್ತಾಗ್ತಿಲ್ಲ. ಮೇಸ್ತ್ರಿ ಯಾವುದೋ ಪುಸ್ತಕದಿಂದ ಎತ್ತಿರಬೇಕು."

ಮೂರನೆಯವನು ಅವರ ಮೊಣಕೈಗೆ ತಾಗುವಷ್ಟು ಹತ್ತಿರ ನಿಂತಿದ್ದ. ಇದಾಲಿನಾ ಬಾಯಿ ತೆರೆದಳು. ಅವನು ಅವಳ ಕೈ ಅದುಮಿ ಸುಮ್ಮನಾಗಿಸಿದ. ಗಡ್ಡ ಹೋದ ಕಡೆ ಅವನ ಚರ್ಮ ಮಗುವಿನದರಂತೆ ಬೆಳ್ಳಗಿತ್ತು. ಅವನು ನನ್ನ ಕಡೆ ನೋಡಿ ಸ್ವಲ್ಪ ನಕ್ಕ. ಆ ನಗು ನೋಡಲಾರದೆ ನಾನು ಗೋಡೆಯ ಮೇಲಿನ ಅವನ ಮುಖಕ್ಕೆ ಕಣ್ಣು ತಿರುಗಿಸಿದೆ, ಅಲ್ಲಿಯೂ ನಿಲ್ಲಿಸಲಾರದೆ ಎದೆಗೆ ಇಳಿಸಿದೆ.

ಕೆಂಪು ಶಿಲುಬೆಯ ಒಳಗೆ ತೆಳುವಾಗಿ ಒಂದು ಬಿಳಿ ಶಿಲುಬೆ ಇತ್ತು. ಆರು ಎದೆಗಳ ಮೇಲೂ ಇತ್ತು. ಅದು ಟೆಂಪ್ಲರುಗಳದ್ದಲ್ಲ. ಅವರ ಪಂಥವನ್ನು ಪೋಪರು ಮುಚ್ಚಿದ ಮೇಲೆ ನಮ್ಮ ರಾಜ ಅವರ ಆಸ್ತಿಯನ್ನೆಲ್ಲ ಕೊಟ್ಟು ಹುಟ್ಟಿಸಿದ ಕ್ರಿಸ್ತನ ಪಂಥದ ಗುರುತು ಅದು. ತೊಮಾರಿನಲ್ಲಿ ಕಣ್ಣು ಬಿಟ್ಟಲ್ಲೆಲ್ಲ ಆ ಶಿಲುಬೆಯೇ: ರಸ್ತೆಯ ಕಲ್ಲಿನಲ್ಲಿ, ಕಿಟಕಿಯ ಕೆತ್ತನೆಯಲ್ಲಿ, ಬಿಸ್ಕತ್ತಿನ ಡಬ್ಬಿಯ ಮೇಲೆ. ಇಲ್ಲಿ ಹುಟ್ಟಿದವನ ಕೈಗೆ ಶಿಲುಬೆ ಬರೆ ಎಂದರೆ ಅದನ್ನೇ ಬರೆಯುತ್ತದೆ. ಕೆಂಪು ಕೆಂಪು ಎಂದು ಕುಣಿದ ನಾನು ಆಕಾರವನ್ನು ನೋಡಿರಲೇ ಇಲ್ಲ. ಬೂಟಿನ ಲಾಡಿಗಾಗಿ ಊರನ್ನೆಲ್ಲ ಎದುರು ಹಾಕಿಕೊಂಡ ಮಹಾನುಭಾವನ ಕತೆ ಇದು.

ಮನೆಗೆ ಬಂದು ಗ್ರಸಿಯೇತಳಿಗೆ ಹೇಳಿದೆ. ಅವಳು ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ.

"ಬಾಯಿ ಮುಚ್ಕೊಂಡಿದ್ರೆ ಯಾರಿಗೂ ಗೊತ್ತಾಗಲ್ಲ," ಅಂದೆ ನಾನು.

"ಹೌದು. ಕುಸ್ತೋದಿಯು ಯಾರು ಅಂತಲೂ ಯಾರಿಗೂ ಗೊತ್ತಾಗಲ್ಲ."

ನನಗೆ ನಾಚಿಕೆಯಾಯಿತು. ಅದರ ಹಿಂದೆಯೇ ಒಂದು ಯೋಚನೆಯೂ ಬಂತು. ಮರುದಿನ ಸಮಿತಿಯ ಮುಂದೆ ಹೋಗಿ ನನ್ನ ತಪ್ಪನ್ನು ಉಪ್ಪುಖಾರ ಹಚ್ಚಿಯೇ ಹೇಳಿದೆ. ಆರೂ ಶಿಲುಬೆ ತಪ್ಪು, ನಾನು ಶುದ್ಧ ದಡ್ಡ ಎಂದೆ.

"ಏನು ತಪ್ಪು?" ಅಂದರು ದೋನ ಎವ್ಫೇಮಿಯ. "ಅದು ನಮ್ಮೂರ ಶಿಲುಬೆ ಅಲ್ವಾ? ಒಂದನ್ನೂ ಮುಟ್ಟಬೇಡಿ."

"ಮುಟ್ಟಲ್ಲ. ಆದರೆ ಈ ಶಿಲುಬೆ ಇದ್ರೆ ಇವರು ಟೆಂಪ್ಲರುಗಳಲ್ಲ, ಕ್ರಿಸ್ತನ ಪಂಥದವರು. ಇವರಿಗೆ ಗಡ್ಡ ಬಿಡಲೇಬೇಕು ಅನ್ನೋ ಕಟ್ಟಳೆ ನಾನೆಲ್ಲೂ ಓದಿಲ್ಲ. ಆರಕ್ಕೆ ಆರೂ ಗಡ್ಡ ಅಂದ್ರೆ ನೋಡಿದವರು ನಗ್ತಾರೆ. ಇತಿಹಾಸ ಸರಿ ಹೋಗಬೇಕು ಅಂದ್ರೆ ಒಂದು ಗಡ್ಡನಾದ್ರೂ ತೆಗೀಬೇಕು."

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಮಕ್ಕಳ ಸುಳ್ಳನ್ನು ಹಿಡಿದೇ ಸಂಬಳ ತೆಗೆದುಕೊಂಡವರು ಅವರು.

"ಒಂದೇ ತಾನೇ? ತೆಗೀರಿ. ಕತ್ತಿ ಅಂತೂ ಕೊಡಲ್ಲ ನೀವು."

ಮೂರನೆಯವನ ಹಣೆ, ಕಣ್ಣು ಒಂದು ಟೈಲಿನಲ್ಲಿ. ಮೂಗಿನ ಕೆಳಗಿನದೆಲ್ಲ ಇನ್ನೊಂದರಲ್ಲಿ. ಆ ಒಂದನ್ನು ಬದಲಿಸಿದರೆ ಸಾಕಿತ್ತು. ಕುಸ್ತೋದಿಯುವಿಗೆ ಏನೂ ಹೇಳಲಿಲ್ಲ. ಕ್ಷೌರಕ್ಕೆ ಹೋಗಿ ಕುರ್ಚಿಯಲ್ಲಿ ಒರಗಿ ಮೇಲೆ ನೋಡಿದೆ. ಮೂವತ್ತು ವರ್ಷ ಆ ಗಲ್ಲ ನನ್ನ ಕಣ್ಣಿನ ಮೇಲೇ ಓಡಾಡಿದೆ: ಎಡಕ್ಕೊಂದು ಚಿಕ್ಕ ಕುಳಿ, ಕೆಳತುಟಿಯ ಕೆಳಗೆ ಒಂದು ಗೆರೆ, ಕೆಲಸ ಮಾಡುವಾಗ ಸ್ವಲ್ಪ ಓರೆಯಾಗುವ ಬಾಯಿ. ಇಷ್ಟು ಚೆನ್ನಾಗಿ ನಾನು ಯಾರ ಮುಖವನ್ನೂ ಬಲ್ಲವನಲ್ಲ, ನನ್ನದನ್ನೂ ಸೇರಿಸಿ. ಮನೆಗೆ ಬಂದು ಒಂದೇ ಉಸಿರಿಗೆ ಬರೆದೆ. ಯಾವ ಪುಸ್ತಕವನ್ನೂ ತೆರೆಯಲಿಲ್ಲ.

ಹಳೆಯ ಟೈಲನ್ನು ಉಳಿಯಿಂದ ಎಬ್ಬಿಸುವಾಗ ಕೈ ಜಾರಿ ಪಕ್ಕದ ಟೈಲಿನಲ್ಲಿದ್ದ ಬೆಲ್ಮೀರುವಿನ ಕಿವಿಯ ತುದಿ ಹಾರಿತು. ಅವನಿನ್ನೂ ಅದನ್ನು ಮರೆತಿಲ್ಲ. ಹೊಸದನ್ನು ಕೂರಿಸಿ ಸಂದು ಮುಚ್ಚಿ ಸುಮ್ಮನೆ ಬಂದೆ. ಇತಿಹಾಸದ ಪ್ರಕಾರ ಈಗ ಬೂಟುಗಳೂ ತಪ್ಪು, ನಿಲುವಂಗಿಯೂ ಅನುಮಾನ. ಇರಲಿ ಬಿಡಿ.

ಭಾನುವಾರ ಪೂಜೆ ಮುಗಿದ ಮೇಲೆ ದೋನ ಎವ್ಫೇಮಿಯ ಲಿಸ್ಬನ್ನಿನಿಂದ ಬಂದಿದ್ದ ತಮ್ಮ ತಂಗಿಯ ಮಗಳಿಗೆ ಗೋಡೆ ತೋರಿಸುತ್ತಿದ್ದರು. ಕುಸ್ತೋದಿಯು, ಇದಾಲಿನಾ ಎಂದಿನಂತೆ ಹಿಂದಿನ ಬೆಂಚಿನಲ್ಲಿದ್ದರು. ಅವನು ಆ ಗೋಡೆಯ ಕಡೆ ತಲೆಯೆತ್ತಿರಲೇ ಇಲ್ಲ.

"ಇವನು ಕಸಾಯಿ ಬೆಲ್ಮೀರು, ಕಿವಿ ಯಾಕೋ ಹೀಗಾಗಿದೆ. ಇವನು..." ಅವರು ನಿಂತು ಬಗ್ಗಿ ನೋಡಿದರು. "ಇವನು ನಮ್ಮ ಬಾರ್ಬರ್, ಕುಸ್ತೋದಿಯು."

"ಅವರೂ ಈ ಊರಿನವರೇನಾ, ದೊಡ್ಡಮ್ಮ?"

"ಅಲ್ದೆ ಇನ್ನೆಲ್ಲಿಯವನು?" ಅಂದರು ದೋನ ಎವ್ಫೇಮಿಯ, ಸ್ವಲ್ಪ ಸಿಡುಕಿನಿಂದಲೇ.

ಹಿಂದಿನ ಬೆಂಚಿನಲ್ಲಿ ಕುಸ್ತೋದಿಯು ಎರಡೂ ಕೈಗಳಿಂದ ತನ್ನ ನುಣ್ಣನೆಯ ಗಲ್ಲ ಹಿಡಿದುಕೊಂಡು ಅಳುತ್ತಿದ್ದ.