ಉಸುಕಿನಿಂದ ಆರಿಸಿ ಎಸೆದ ಎಲುಬು

ಕೃಷ್ಣೆಯ ಉಸುಕನ್ನು ಬಗೆದವರು ಏನನ್ನೂ ಕಳೆದುಕೊಳ್ಳಲಿಲ್ಲ. ಕಳೆದುಕೊಂಡವಳು ನನ್ನ ಸೋದರತ್ತೆ. ದೇವದುರ್ಗ ತಾಲ್ಲೂಕಿನ ಹೊಳೆದಂಡೆಯಲ್ಲಿರುವ ಅವಳ ಮನೆಯ ಹಿತ್ತಲು ಕಳೆದ ಮಳೆಗಾಲದಲ್ಲಿ ನೀರುಪಾಲಾಯಿತು. ಉಸುಕು ತೆಗೆಯುವ ಯಂತ್ರಗಳು ದಂಡೆಯ ಬುಡವನ್ನೇ ತೋಡಿದ್ದವು.

ಮಾನ್ವಿಯಲ್ಲಿ ವಿಜ್ಞಾನ ಕಲಿಸುವ ನಾನು ನೋಡಲು ಹೋದಾಗ, ಕುಸಿದ ದಂಡೆಯ ಉರುಟುಗಲ್ಲುಗಳ ಪದರದಿಂದ ಒಂದು ದವಡೆ ಹೊರಚಾಚಿತ್ತು.

"ಅತ್ತಿ, ಇದು ಭಾಳ ಹಳೇದು. ಎಲುಬು ಕಲ್ಲಾಗ್ಯದ," ಎಂದೆ.

"ಹಂಗಾದ್ರ ನನ್ನ ಎಮ್ಮಿದಲ್ಲ ಬಿಡವ್ವಾ. ಅದಕ್ಕ ಇಂಥಾ ಹಲ್ಲಿದ್ದಿದ್ರ ಮೇವು ಬಿಟ್ಟು ನನ್ನೇ ತಿಂತಿತ್ತು." ನಗುತ್ತಲೇ ಮನೆಯ ಹಿಂಗೋಡೆಗೆ ಬಿದ್ದಿದ್ದ ಬಿರುಕನ್ನು ಅಂಗೈಯಿಂದ ಸವರಿದಳು.

ರಾಯಚೂರಿನ ಗುಡ್ಡಗಳ ಬಂಡೆ ಎಲುಬುಳ್ಳ ಜೀವಿಗಳಿಗಿಂತ ಹಳೆಯದು; ಅಲ್ಲಿ ಇಂಥದ್ದು ಸಿಗದು. ಸಿಗಬಹುದಾದದ್ದು ಹೊಳೆಯ ಹಳೆಯ ಪದರಗಳಲ್ಲಿ ಮಾತ್ರ. ಅಲ್ಲಿಯೂ ಸತ್ತದ್ದೆಲ್ಲ ಉಳಿಯುವುದಿಲ್ಲ. ನಾಯಿ ನರಿಗಳು ಎಳೆದಾಡುವ ಮೊದಲೇ ಹೂಳು ಮುಚ್ಚಬೇಕು, ನೀರಿನ ಖನಿಜ ಎಲುಬಿನೊಳಗೆ ಇಳಿಯಬೇಕು, ಪ್ರವಾಹ ಕೊಚ್ಚಿಕೊಂಡು ಹೋಗದಿರಬೇಕು. ಇಷ್ಟೆಲ್ಲ ದಾಟಿ ಬಂದದ್ದು ಯಾವ ಪದರದಲ್ಲಿತ್ತೆಂದು ತಿಳಿಯದಿದ್ದರೆ ಅದರ ಕಾಲವನ್ನು ಹೇಳುವುದೂ ಕಷ್ಟ. ಹಾಗಾಗಿ ದವಡೆಯನ್ನು ಕೀಳದೆ, ಬಲ್ಲವರನ್ನು ಕರೆತರಲು ರಾಯಚೂರಿನ ಕಚೇರಿಗಳಿಗೆ ಅಲೆದೆ. ಒಬ್ಬರು ಇನ್ನೊಬ್ಬರ ಬಾಗಿಲು ತೋರಿಸಿದರು.

ಮರಳಿ ಬರುವಷ್ಟರಲ್ಲಿ ಆ ಪದರವನ್ನೇ ಯಂತ್ರ ಕೊರೆದುಹಾಕಿತ್ತು. ಜರಡಿಯ ಬಳಿ ನಿಂತಿದ್ದ ಮೇಸ್ತ್ರಿಯನ್ನು ದವಡೆ ಎಲ್ಲಿ ಎಂದು ಕೇಳಿದೆ.

"ಹೊಳಿಗೆ ಬಿಟ್ಟೀವ್ರಿ ಮೇಡಂ. ಎಲುಬು ಬಂದ ಉಸುಕಿನ್ಯಾಗ ಯಾರು ಮನಿ ಕಟ್ಟತಾರ್ರಿ? ದೋಷ ಅಂತಾರ. ಯಾವಾಗ ಸಿಕ್ಕರೂ ಆರಿಸಿ, ಕೈಮುಗಿದು ನೀರಿಗೆ ಬಿಡ್ತೀವಿ."

"ನಿಮ್ಮ ಗಿರಾಕಿ ಮನಿ ದೋಷ ಕಳೀತಲ್ಲಪಾ," ಎಂದಳು ನನ್ನ ಜೊತೆ ಬಂದಿದ್ದ ಅತ್ತೆ. "ನನ್ನ ಮನಿದು?"

ಅವನು ಜರಡಿಯತ್ತ ತಿರುಗಿದ.

ಪಳೆಯುಳಿಕೆಗಳ ದಾಖಲೆ ಅಪೂರ್ಣವೆಂದು ಪಾಠದಲ್ಲಿ ಹೇಳುವಾಗ ನಾವು ನಿಸರ್ಗವನ್ನಷ್ಟೇ ಹೊಣೆ ಮಾಡುತ್ತೇವೆ. ಇಲ್ಲಿ ನಿಸರ್ಗ ಕಾಯ್ದಿಟ್ಟದ್ದನ್ನು ಲಾಭಕ್ಕಾಗಿ ಅಳಿಸಲಾಗಿದೆ. ಎಷ್ಟು ಎಲುಬುಗಳು ಹೀಗೆ ಹೋದವೆಂದು ಯಾರಿಗೂ ಗೊತ್ತಿಲ್ಲ. ಅಂದು ನಾವು ಊಟಕ್ಕೆ ಕುಳಿತಾಗಲೂ ಕೆಳಗೆ ಯಂತ್ರ ಗುಡುಗುತ್ತಿತ್ತು. ಬಿರುಕಿನಿಂದ ಮಣ್ಣು ಉದುರಿ ತಟ್ಟೆಗೆ ಬಿತ್ತು. ಅತ್ತೆ ತಟ್ಟೆಯನ್ನು ಸರಿಸಿಕೊಂಡಳು.

ಉಸುಕಿನ ಗುತ್ತಿಗೆ ಹಿಡಿದವರೇ, ಅದಕ್ಕೆ ಸಹಿ ಹಾಕಿದವರೇ, ಮುಂಗಾರಿಗೆ ಮೊದಲು ಈ ದಂಡೆಯಿಂದ ಯಂತ್ರಗಳನ್ನು ತೆಗೆಯಿರಿ. ಉಳಿದಿರುವ ಪದರವನ್ನು ಬಲ್ಲವರಿಂದ ದಾಖಲು ಮಾಡಿಸಿ, ನನ್ನ ಅತ್ತೆಯ ಮನೆಯ ಹಿಂದೆ ನಿಮ್ಮ ಖರ್ಚಿನಲ್ಲೇ ಕಲ್ಲಿನ ತಡೆಗೋಡೆ ಕಟ್ಟಿಸಿರಿ.