ಬಾಗಿಲಲ್ಲಿ ನಾಲ್ಕು ಜೊತೆ ಚಪ್ಪಲಿ

ನಮ್ಮ ನ್ಯಾಮತಿಯ ಶಾಲೆಯಲ್ಲಿ ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕಾಗಿದ್ದ ಕೋಣೆ ಒಂದೇ ಒಂದು: ಎಂಬತ್ತರ ದಶಕದ ಕೊನೆಯಲ್ಲಿ ನಮಗೆ ದಕ್ಕಿದ ಏಕೈಕ ಕಂಪ್ಯೂಟರಿನ ಕೋಣೆ. ಧೂಳು ಹೊಕ್ಕರೆ ಕೆಟ್ಟೀತೆಂದು ನನಗೆ ಭಯ. ಗಣಿತದ ಮೇಷ್ಟ್ರಾದ ನಾನು ಮೂರು ವಾರದ ತರಬೇತಿ ಮುಗಿಸಿ ಬಂದವನು, ಸುಮ್ಮನಿರಲಾರದೆ ಅದಕ್ಕೊಂದು ಪ್ರೋಗ್ರಾಮು ಬರೆದೆ. ಹೆಸರು ಒತ್ತಿ ಕೂತ ಮಗು ಸರಿಯುತ್ತರ ಕೊಟ್ಟರೆ ಮುಂದಿನ ಲೆಕ್ಕ ಕಠಿಣವಾಗುತ್ತದೆ, ತಪ್ಪಿದರೆ ಸುಲಭವಾಗುತ್ತದೆ. ಹೀಗೆ ಮಗುವಿಗೆ ತಕ್ಕಂತೆ ತಾನೇ ಹೊಂದಿಕೊಳ್ಳುತ್ತ, ಕೊನೆಗೆ ಅದರ ಮಟ್ಟವೆಷ್ಟೆಂದು ತೀರ್ಪನ್ನೂ ಕೊಡುತ್ತದೆ. ಹೆತ್ತವರಿಗೆ ಹೆಗ್ಗಣ ಮುದ್ದು ನೋಡಿ, ನಾನು ಬೀಗಿದ್ದೇ ಬೀಗಿದ್ದು!

ಪಾತ್ರೆಗಳಿಗೆ ಕಲಾಯಿ ಹಾಕುವ ಬಾಷಾ ಸಾಬರು ಒಂದು ದಿನ ಬಂದು, ಹತ್ತನೇ ತರಗತಿಯಲ್ಲಿದ್ದ ಮಗಳು ನಸೀಮಾಳನ್ನು ಮುಂದೆ ಹೊನ್ನಾಳಿಗೆ ಸೈನ್ಸ್ ಓದಲು ಕಳಿಸಬಹುದೇ ಎಂದು ಕೇಳಿದರು. ಎಪ್ಪತ್ತು ಮಕ್ಕಳಲ್ಲಿ ಅವಳೊಬ್ಬಳು. ಅವಳ ನೋಟ್‌ಬುಕ್ಕನ್ನೂ ತೆರೆಯದೆ ಪರದೆ ನೋಡಿ, "ಲೆಕ್ಕ ಅಷ್ಟಕ್ಕಷ್ಟೇ ಸಾಬ್ರೇ, ಮಿಷನ್ನೇ ಹೇಳ್ತೈತೆ" ಎಂದುಬಿಟ್ಟೆ.

"ಹಂಗಾದ್ರೆ ಹೊಲಿಗೆ ಕಲೀಲಿ ಬಿಡ್ರಿ" ಎಂದು ಅವರು ಹೊರಟರು. ಅಂದಿನಿಂದ ನನಗೇಕೋ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು.

ಮುಂದಿನ ವಾರ ನಸೀಮಾಳ ಸರದಿ. ಬಾಗಿಲ ಬಳಿ ಸುಳಿದಾಡುತ್ತಿದ್ದವನಿಗೆ ಒಂದು ಜೊತೆ ಇರಬೇಕಾದಲ್ಲಿ ನಾಲ್ಕು ಜೊತೆ ಚಪ್ಪಲಿ ಕಂಡವು. ಇಣುಕಿದರೆ, ಒಂದೇ ಕುರ್ಚಿಯ ಸುತ್ತ ನಾಲ್ವರು ಹುಡುಗಿಯರು, ಕೀಲಿಗಳ ಮೇಲೆ ನಾಲ್ವರ ಬೆರಳು!

"ಒಬ್ಬಳೇ ಕುಂತು ಒತ್ತಿದ್ರೆ ಚಂದ ಇರಲ್ಲ ಸಾರ್" ಎಂದಳು ನಸೀಮಾ, ನನಗೇ ಬುದ್ಧಿ ಹೇಳುವವಳಂತೆ. "ಇವ್ರಿಗೂ ಒತ್ತಾಕೆ ಆಸೆ ಇರತೈತಲ್ಲ? ಯಾವಾಗ್ಲೂ ಹಿಂಗೇ ಮಾಡ್ತೀವಿ."

ನಾಲ್ವರ ಅಳತೆ ತೆಗೆದು ಒಬ್ಬಳಿಗೆ ಲಂಗ ಹೊಲಿದಂತಾಗಿತ್ತು ನನ್ನ ಕೆಲಸ. ಪ್ರೋಗ್ರಾಮನ್ನು ನಾನು ಪರೀಕ್ಷಿಸದೆ ಬಿಟ್ಟಿರಲಿಲ್ಲ ಸ್ವಾಮಿ, ನೂರು ಸಲ ಪರೀಕ್ಷಿಸಿದ್ದೆ; ಆದರೆ ನೂರು ಸಲವೂ ಒಬ್ಬನೇ ಕೂತು. ಹಂಚಿಕೊಂಡು ತಿನ್ನಿರೆಂದು ಮಕ್ಕಳಿಗೆ ಕಲಿಸುವ ಊರಿನಲ್ಲಿ ಮಗು ಕುರ್ಚಿಯನ್ನೂ ಹಂಚಿಕೊಂಡೀತೆಂಬ ಯೋಚನೆ ನನಗೆ ಬರಬೇಡವೇ? ಹೊಂದಿಕೊಳ್ಳುತ್ತದೆಂದು ಮೆರೆಸಿದ್ದ ಯಂತ್ರ ಇಷ್ಟು ದಿನ ಇಲ್ಲದ ಹುಡುಗಿಯೊಬ್ಬಳಿಗೆ ಹೊಂದಿಕೊಂಡಿತ್ತು, ನಾನು ಆ ಇಲ್ಲದವಳ ತೀರ್ಪನ್ನು ಇರುವವಳ ತಲೆಗೆ ಕಟ್ಟಿದ್ದೆ. ನಾಚಿಕೆಯಾಯಿತು.

ಕರಿಹಲಗೆಯ ಮೇಲೆ ಐದು ಕಠಿಣ ಲೆಕ್ಕ ಬರೆದೆ. ನಸೀಮಾ ಒಂದಾದ ಮೇಲೊಂದು ಬಿಡಿಸಿ, ಸೀಮೆಸುಣ್ಣ ಇಟ್ಟು ಕೈ ಒದರಿದಳು. ಸಂಜೆಯೇ ಸೈಕಲ್ ಹತ್ತಿ ಬಾಷಾ ಸಾಬರ ಮನೆಗೆ ಹೋದೆ.

"ತಪ್ಪಾಯ್ತು ಸಾಬ್ರೇ. ಕರಿಹಲಗೆ ಮೇಲೆ ಐದು ಲೆಕ್ಕಾನೂ ಒಬ್ಬಳೇ ಬಿಡಿಸಿದ್ಲು. ಹುಡುಗಿ ಜಾಣೆ ಇದಾಳೆ, ಸೈನ್ಸಿಗೆ ಕಳಿಸ್ರಿ."

ಅವರು ಒಲೆಯ ಕೆಂಡ ಕೆದಕುತ್ತ ನನ್ನನ್ನೇ ನೋಡಿದರು. "ಅವತ್ತು ಮಿಷನ್ ಹೇಳ್ತೈತೆ ಅಂದ್ರಿ. ಇವತ್ತು ಕರಿಹಲಗೆ ಹೇಳ್ತೈತೆ ಅಂತೀರಿ. ನಾನು ಯಾರ್ನ ಕೇಳ್ಲಿ ಮೇಷ್ಟ್ರೇ?"

ಒಳಬಾಗಿಲಲ್ಲಿ ನಿಂತಿದ್ದ ನಸೀಮಾ ಮೆಲ್ಲಗೆ ಅಂದಳು:

"ನನ್ನ ಕೇಳು ಅಬ್ಬಾ. ಇಲ್ಲೀ ತನಕ ಯಾರೂ ಕೇಳೇ ಇಲ್ಲ."